ತಮ್ಮನ ತಲೆನೋವು

ನನ್ನ ತಲೆನೋವಿಗೆ ನಾನೊಂದು ಹೆಸರಿಟ್ಟಿದ್ದೆ. ತಮ್ಮನ ತಲೆನೋವು. ಬೆಳಗ್ಗೆ ಹತ್ತರ ಸುಮಾರಿಗೆ, ರೊಟ್ಟಿ ಬಡಿಯುವ ಕೆಲಸ ಮುಗಿಯುವ ಹೊತ್ತಿಗೆ, ಎಡಗಣ್ಣಿನ ಮೇಲೆ ಶುರುವಾಗಿ ಹಿಂದಲೆಗೆ ಹೋಗಿ ಕೂರುತ್ತಿತ್ತು. "ಬಂತ ನೋಡ್ರಿ, ತಮ್ಮನ ತಲಿನೋವು" ಎಂದು ನಾನು ಹೇಳಿದರೆ ನಮ್ಮ ಮನೆಯವರು ನೋವಿನ ಗುಳಿಗೆ ತಂದು ಕೈಗಿಡುತ್ತಿದ್ದರು. ಒಂದು ನುಂಗಿ ಅರ್ಧ ತಾಸು ಮಲಗುತ್ತಿದ್ದೆ. ಇಳಿಯದಿದ್ದರೆ ಇನ್ನೊಂದು. ಹೀಗೆ ಎಂಟು ವರ್ಷ ನಡೆಯಿತು.

ಈಗ ವಾರಕ್ಕೆ ಮೂರು ದಿನ, ಸೋಮವಾರ ಬುಧವಾರ ಶುಕ್ರವಾರ, ಡಯಾಲಿಸಿಸ್ ಯಂತ್ರದ ಪಕ್ಕ ನಾಲ್ಕು ನಾಲ್ಕು ತಾಸು ಮಲಗುತ್ತೇನೆ. ನನ್ನ ಎರಡೂ ಕಿಡ್ನಿಗಳು ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು. ಹೊಸದಾಗಿ ಬಂದು ಸೇರುವವರು ಮೊದಲ ವಾರ ಅಕ್ಕಪಕ್ಕದವರನ್ನು ಕೇಳುವ ಪ್ರಶ್ನೆ ಒಂದೇ: ನಿಮಗೆ ಇದು ಯಾವುದರಿಂದ ಬಂತು? ಬೇರೆಯವರು ಶುಗರ್ ಅನ್ನುತ್ತಾರೆ, ಹರಳು ಅನ್ನುತ್ತಾರೆ. ನಾನು ಒಮ್ಮೆ ಬಿಪಿ ಅಂದಿದ್ದೇನೆ, ಒಮ್ಮೆ ಹಣೆಬರಹ ಅಂದಿದ್ದೇನೆ. ಎರಡೂ ಪೂರ್ತಿ ನಿಜವಲ್ಲ. ಪೂರ್ತಿ ನಿಜವನ್ನು ಒಂದು ಸಲ ಬರೆದಿಟ್ಟುಬಿಡೋಣ ಎಂದು ಕೂತಿದ್ದೇನೆ. ನನ್ನಂಥ ಹಟಮಾರಿ ಹೆಂಗಸು ಎಲ್ಲೋ ಒಬ್ಬಳು ಇದ್ದೇ ಇರುತ್ತಾಳೆ. ಅವಳು ಓದಲಿ.

ನಾನು ಇಂಡಿ ತಾಲೂಕಿನವಳು. ಮದುವೆಯಾಗಿ ಪುಣೆಗೆ ಬಂದು ಮೂವತ್ತು ವರ್ಷ ದಾಟಿತು. ನಮ್ಮ ಮನೆಯವರು ಮಾರ್ಕೆಟ್ ಯಾರ್ಡಿನಲ್ಲಿ ಜೋಳ, ಬೇಳೆಯ ದೊಡ್ಡ ಅಂಗಡಿಯೊಂದರ ಗುಮಾಸ್ತರು. ಅಲ್ಲಿಂದ ನಡೆದು ಬರುವಷ್ಟು ದೂರದಲ್ಲಿ, ಬಿಬ್ವೇವಾಡಿಯಲ್ಲಿ, ಮೂರನೇ ಮಹಡಿಯ ಮೇಲೆ ಎರಡು ಕೋಣೆಯ ಮನೆ. ಒಬ್ಬಳೇ ಮಗಳು, ಜ್ಯೋತಿ. ತವರಿನ ಕಡೆಯಿಂದ ಉಳಿದವನು ಒಬ್ಬನೇ ತಮ್ಮ, ಶಿವಪ್ಪ. ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅವ್ವ ಹೊಲಕ್ಕೆ ಹೋದಾಗ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿ ನನ್ನ ಎಡಸೊಂಟ ಇವತ್ತಿಗೂ ಸ್ವಲ್ಪ ಹೊರಗೇ ಇದೆ. ಅವನು ಇಂದಾಪುರದ ಹತ್ತಿರ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸಕ್ಕೆ ಸೇರಿ ಅಲ್ಲೇ ನೆಲೆನಿಂತ.

ಹನ್ನೆರಡು ವರ್ಷದ ಹಿಂದೆ ಅವನು ಇಂದಾಪುರದಲ್ಲಿ ಮನೆ ಕಟ್ಟಿಸಿದ. ಮನೆ ವಾಸ್ತುವಿಗೆ, ಅಂದರೆ ಗೃಹಪ್ರವೇಶಕ್ಕೆ, ಮನೆಮಗಳು ಹೊಸ್ತಿಲಲ್ಲಿ ನಿಂತು ಆರತಿ ಬೆಳಗಬೇಕು, ಅದು ನಮ್ಮ ಕಡೆಯ ರೂಢಿ. ಮನೆಮಗಳನ್ನು ಕರೆಯುವುದಕ್ಕೂ ಒಂದು ಕ್ರಮ ಇದೆ. ಮನೆಗೆ ಬಂದು, ಹಣೆಗೆ ಕುಂಕುಮ ಹಚ್ಚಿ, ಉಡಿಗೆ ಒಂದು ಕಾಯಿ ಹಾಕಿ, "ಬಾ" ಅನ್ನಬೇಕು. ನಾನು ಹಸಿರು ಇಳಕಲ್ ಸೀರೆ ತೆಗೆದಿಟ್ಟುಕೊಂಡು ಕಾಯ್ದೆ. ಒಂದು ಸಂಜೆ ಮನೆಯವರು ಅಂಗಡಿಯಿಂದ ಬಂದು ಚೀಲದೊಳಗಿಂದ ಒಂದು ಕಾರ್ಡು ತೆಗೆದು ಟೇಬಲ್ ಮೇಲಿಟ್ಟರು.

"ಶಿವೂ ಅಂಗಡಿಗಿ ಬಂದಿದ್ದ. ನಿನಗ ಕೊಡು ಅಂತ ಹೇಳಿ ಹ್ವಾದ. ಬಸ್ಸಿಗಿ ತಡಾ ಆಗಿತ್ತಂತ."

"ಮನಿಗಿ ಯಾಕ ಬರ್ಲಿಲ್ಲ?"

"ಬಸ್ಸಿಗಿ ತಡಾ ಆಗಿತ್ತಂತ," ಎಂದು ಅವರು ಮತ್ತೆ ಅದನ್ನೇ ಅಂದರು.

ಮಾರ್ಕೆಟ್ ಯಾರ್ಡಿನಿಂದ ನಮ್ಮ ಮನೆಗೆ ಕಾಲುತಾಸು. ಆ ಕಾಲುತಾಸು ನನ್ನ ತಮ್ಮನಿಗೆ ಭಾರವಾಯಿತು. ಜೋಳದ ಚೀಲ ಇಳಿಸುವ ಜಾಗದಲ್ಲಿ, ಹಮಾಲರ ನಡುವೆ, ನನ್ನ ಕರೆ ಕೈಬದಲಾಯಿತು. ನಾನು ಹೋಗಲಿಲ್ಲ. ಆರತಿಯನ್ನು ಅವನ ಹೆಂಡತಿಯ ಅಕ್ಕ ಬೆಳಗಿದಳು. ಅದರ ಫೋಟೋ ಯಾರೋ ನನ್ನ ಫೋನಿಗೂ ಕಳಿಸಿದರು. ಆ ತಟ್ಟೆ ನಮ್ಮ ಅವ್ವನದು, ಅಂಚು ಸ್ವಲ್ಪ ಸೊಟ್ಟಗಾದ ಹಿತ್ತಾಳೆಯ ತಟ್ಟೆ. ಅದನ್ನು ನೋಡಿದ ದಿನವೇ ನಾನು ಅವನ ಜೊತೆ ಮಾತು ಬಿಟ್ಟೆ.

ಓದುವವರಿಗೆ ಇಷ್ಟೇನಾ ಅನ್ನಿಸಬಹುದು. ಇಷ್ಟೇ. ಆಸ್ತಿ ಜಗಳವಿಲ್ಲ, ಬೈಗುಳವಿಲ್ಲ, ಕೈ ಕೈ ಮಿಲಾಯಿಸಿದ್ದಿಲ್ಲ. ಒಂದು ಚಿಟಿಕೆ ಕುಂಕುಮ.

ಆ ವರ್ಷದ ನಾಗರ ಪಂಚಮಿಗೆ ಅವನು ಒಂದು ಸ್ಟೀಲ್ ಡಬ್ಬಿಯ ತುಂಬ ಉಂಡಿ ಕಳಿಸಿದ. ಎಳ್ಳಿನ ಉಂಡಿ, ಶೇಂಗಾದ ಉಂಡಿ, ತಂಬಿಟ್ಟು. ಇಂದಾಪುರದ ಎಸ್‌ಟಿ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು, ಪುಣೆಯ ಸ್ವಾರಗೇಟ್ ನಿಲ್ದಾಣದಲ್ಲಿ ಇಳಿಸಿಕೊಳ್ಳಿ ಎಂದು ನಮ್ಮ ಮನೆಯವರಿಗೆ ಫೋನ್ ಮಾಡಿದ್ದ. ಪಂಚಮಿ ಅಂದರೆ ಅಣ್ಣತಮ್ಮ ಬಂದು ಅಕ್ಕತಂಗಿಯನ್ನು ತವರಿಗೆ ಕರೆದುಕೊಂಡು ಹೋಗುವ ಹಬ್ಬ. ಬಸ್ ಡ್ರೈವರ್ ಬಂದು ಕರೆಯುವ ಹಬ್ಬವಲ್ಲ. ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ಮರುದಿನ ಅದೇ ಬಸ್ಸಿಗೆ ಹಿಂದಕ್ಕೆ ಕಳಿಸಿದೆ. ಮರುವರ್ಷವೂ ಡಬ್ಬಿ ಬಂತು, ಅದನ್ನೂ ಕಳಿಸಿದೆ. ಮೂರನೇ ವರ್ಷ ಡಬ್ಬಿ ಬರಲಿಲ್ಲ. ಬರಲಿಲ್ಲವಲ್ಲ ಎಂದು ಅದಕ್ಕೊಂದು ಹೊಸ ಸಿಟ್ಟು ಸೇರಿಸಿಕೊಂಡೆ. ಹೇಗೂ ತೂಕ ಮಾಡುವವನು ಅವನು, ನನ್ನ ಸಿಟ್ಟಿನ ತೂಕವನ್ನೂ ಅವನೇ ನೋಡಿಕೊಳ್ಳಲಿ ಅಂದುಕೊಂಡೆ.

ತಲೆನೋವು ಶುರುವಾದದ್ದು ವಾಸ್ತುವಿನ ವರ್ಷವೇ. ರೊಟ್ಟಿ ಬಡಿಯುತ್ತಾ ನಾನು ಅವನ ಜೊತೆ ಮಾತಾಡುತ್ತಿದ್ದೆ. ಅವನ ಮಾತೂ ನಾನೇ ಆಡುವುದು, ಅದಕ್ಕೆ ಉತ್ತರವೂ ನನ್ನದೇ. ಪ್ರತಿ ಸಲ ನಾನೇ ಗೆಲ್ಲುತ್ತಿದ್ದೆ. ಜ್ಯೋತಿ ಆಗ ಕಾಲೇಜಿನಲ್ಲಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅವ್ವಾ, ಯಾರ ಜೋಡಿ ಜಗಳಾಡಾಕತ್ತಿ? ರೊಟ್ಟಿ ಹರದು ಹೋಗ್ಯಾವ ನೋಡು," ಎಂದು ನಗುತ್ತಿದ್ದಳು. ಹರಿದ ರೊಟ್ಟಿ ನಾನೇ ತಿಂದು ಗುಳಿಗೆ ನುಂಗುತ್ತಿದ್ದೆ. ನೋವಿನ ಕಾರಣ ಗೊತ್ತಿದ್ದ ಮೇಲೆ ಡಾಕ್ಟರು ಯಾತಕ್ಕೆ? ನನ್ನ ತಲೆನೋವು ಇಂದಾಪುರದಲ್ಲಿ ಕೂತಿದೆ, ಬಿಬ್ವೇವಾಡಿಯ ಡಾಕ್ಟರು ಏನು ಮಾಡಿಯಾರು? ಜ್ಯೋತಿಯ ಮದುವೆಗೂ ನಾನು ಅವನನ್ನು ಕರೆಯಲಿಲ್ಲ. ಮಗಳು ಸೋದರಮಾವನಿಲ್ಲದೆ ಹಸೆಗೆ ಕೂತಳು. ಅವತ್ತು ನಾಲ್ಕು ಗುಳಿಗೆ ತಿಂದದ್ದು ನೆನಪಿದೆ.

ನಾಲ್ಕು ವರ್ಷದ ಹಿಂದೆ ಕಾಲು ಬಾತವು. ಬೆಳಗ್ಗೆ ಕಣ್ಣಿನ ಸುತ್ತ ಬಾವು. ಮೂರು ಮಹಡಿ ಹತ್ತುವಷ್ಟರಲ್ಲಿ ಎರಡು ಕಡೆ ಕೂರಬೇಕಾಯಿತು. ಕಡೆಗೆ ಮನೆಯವರು ರಜೆ ಹಾಕಿ ಡಾಕ್ಟರ ಹತ್ತಿರ ಕರೆದೊಯ್ದರು. ಅವರು ತೋಳಿಗೆ ಪಟ್ಟಿ ಸುತ್ತಿ ಒಂದು ಸಲ ಒತ್ತಿದರು, ಮತ್ತೆ ಒತ್ತಿದರು, ಬೇರೆ ಯಂತ್ರ ತರಿಸಿ ಮೂರನೇ ಸಲ ಒತ್ತಿದರು. ಆಮೇಲೆ ನನ್ನ ಮುಖ ನೋಡದೆ ನಮ್ಮ ಮನೆಯವರ ಮುಖ ನೋಡಿದರು.

ದೊಡ್ಡ ಆಸ್ಪತ್ರೆಯಲ್ಲಿ ಎರಡು ದಿನ ರಕ್ತ, ಮೂತ್ರ, ಸೋನೋಗ್ರಫಿ. ಕಾಯುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಒಂದಕ್ಕೊಂದು ಬೆಸೆದಿರುತ್ತವೆ. ಒಬ್ಬರು ಕಾಲು ಅಲ್ಲಾಡಿಸಿದರೆ ಸಾಲಿನವರೆಲ್ಲ ಅಲ್ಲಾಡಬೇಕು. ನಮ್ಮ ಸಾಲಿನಲ್ಲಿ ಅಲ್ಲಾಡುತ್ತಿದ್ದುದು ನಮ್ಮ ಮನೆಯವರ ಕಾಲು. ಮೂವತ್ತು ವರ್ಷದಲ್ಲಿ ಅವರು ಹೆದರಿದ್ದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ. ಒಳಗೆ ಕರೆದ ಡಾಕ್ಟರು ತಲೆನೋವಿನ ಬಗ್ಗೆ ಕೇಳಿದರು. ಎಷ್ಟು ವರ್ಷದಿಂದ, ಯಾವ ಗುಳಿಗೆ, ದಿನಕ್ಕೆ ಎಷ್ಟು. ಮನೆಯವರು ಕಿಸೆಯಿಂದ ಖಾಲಿಯಾದ ಒಂದು ಗುಳಿಗೆಯ ಹಾಳೆ ತೆಗೆದು ತೋರಿಸಿದರು. ಡಾಕ್ಟರು ಅದನ್ನು ತಿರುಗಿಸಿ ಓದಿ ಮೆಲ್ಲಗೆ ಟೇಬಲ್ ಮೇಲಿಟ್ಟರು. ಬಿಪಿ ಏರಿ ತಲೆನೋವು ಬರುತ್ತಿತ್ತು, ಅದನ್ನು ನಾನು ಗುಳಿಗೆಯಿಂದ ಮುಚ್ಚುತ್ತಿದ್ದೆ, ಎರಡೂ ಸೇರಿ ಕಿಡ್ನಿ ತಿಂದವು. ಅವರು ಹೇಳಿದ್ದು ಇಷ್ಟು. ಎಂಟು ವರ್ಷದಲ್ಲಿ ಒಂದು ದಿನ ಬಿಪಿ ನೋಡಿಸಿಕೊಂಡಿದ್ದರೆ ಸಾಕಿತ್ತು ಅಂದರು. ನನಗೆ ಬಿಪಿ ಇರಲಿಲ್ಲ ಡಾಕ್ಟರೇ, ತಮ್ಮ ಇದ್ದ, ಎಂದು ಹೇಳಲು ಬಾಯಿ ಬರಲಿಲ್ಲ.

ಮುಂದಿನ ವಾರ ಕಿಡ್ನಿ ಬದಲಿಸುವ ವಿಭಾಗದಲ್ಲಿ ಒಬ್ಬ ಹುಡುಗಿ ಫೈಲು ತೆರೆದುಕೊಂಡು ಕೂತಿದ್ದಳು. ತಿಳಿಗುಲಾಬಿ ಬಣ್ಣದ ಡ್ರೆಸ್ಸು, ಸಮಾಧಾನದ ದನಿ. ನನ್ನ ರಕ್ತ ಓ ಗುಂಪಿನದು, ನನಗೆ ಓ ಗುಂಪಿನವರೇ ಕೊಡಬೇಕು. ಮನೆಯವರದು ಬಿ, ಮೇಲೆ ಎದೆಯಲ್ಲಿ ಸ್ಟೆಂಟ್ ಬೇರೆ. ಜ್ಯೋತಿಯದೂ ಬಿ. ಆಗ ಅವಳಿಗೆ ಆರು ತಿಂಗಳು, ಬಸುರಿ. ಆದರೂ ಅವಳು ಹಟ ಹಿಡಿದು ಬಂದು ರಕ್ತ ಕೊಟ್ಟಿದ್ದಳು, ಫಲಿತಾಂಶ ನೋಡಿ ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು. ಇನ್ನು ಒಂದೇ ದಾರಿ ಉಳಿದಿತ್ತು. ಆ ಹುಡುಗಿ ಪೆನ್ನು ಹಿಡಿದು ಮರಾಠಿಯಲ್ಲಿ ಕೇಳಿದಳು:

"ಕಾಕು, ಭಾವಂಡ ಕಿತಿ?"

ಒಡಹುಟ್ಟಿದವರು ಎಷ್ಟು ಜನ?

"ಕೋಣೀ ನಾಹೀ," ಅಂದೆ. ಯಾರೂ ಇಲ್ಲ.

ಪಕ್ಕದಲ್ಲಿ ಕೂತ ಮನೆಯವರ ಕಾಲು ಅಲ್ಲಾಡುವುದು ನಿಂತಿತು. ನಾನು ಅವರ ಕಡೆ ನೋಡಲಿಲ್ಲ. ಹುಡುಗಿ ಬರೆದುಕೊಂಡಳು. ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ಹೆಸರು ಹಾಕುತ್ತೇನೆ, ಓ ಗುಂಪಿನವರಿಗೆ ಬಹಳ ಕಾಯಬೇಕಾಗುತ್ತದೆ ಕಾಕು, ಅಂದಳು. ಹೊರಗೆ ಬಂದ ಮೇಲೆ ಮನೆಯವರು ಲಿಫ್ಟಿನ ಮುಂದೆ ನಿಂತು, "ಹುಚ್ಚಿ ಅದಿ ಏನ? ಜೀವ ಹೋಗ್ತದ," ಅಂದರು. "ಹೋಗ್ಲಿ. ಅವನ ಹಂತೇಕ ಕೈ ಚಾಚಾಂಗಿಲ್ಲ ನಾ. ನೀವೂ ಫೋನ್ ಮಾಡಂಗಿಲ್ಲ. ನನ್ನ ಮ್ಯಾಲ ಆಣಿ," ಅಂದೆ. ಅವರು ಆಣೆಗೆ ಹೆದರುವ ಮನುಷ್ಯ. ಅದು ನನಗೆ ಗೊತ್ತಿದ್ದೇ ಹಾಕಿದ್ದೆ.

ಈ ಒಂದು ಸುಳ್ಳನ್ನು ನಾನು ಆ ಕೋಣೆಯಲ್ಲಿ ಎಷ್ಟು ಸುಲಭವಾಗಿ ಹೇಳಿದೆ ಎಂದು ಇವತ್ತಿಗೂ ನೆನೆಯುತ್ತೇನೆ. ತಡವರಿಸಲೂ ಇಲ್ಲ. ಯಾರಾದರೂ ಊರು ಕೇಳಿದರೆ ಹೇಳುತ್ತೇವಲ್ಲ, ಹಾಗೆ ಹೇಳಿದೆ.

ಡಯಾಲಿಸಿಸ್ ಜೀವನದ ಬಗ್ಗೆ ಹೆದರಿಸುವಂತೆ ಬರೆಯಲು ನನಗೆ ಇಷ್ಟವಿಲ್ಲ, ಚೆನ್ನಾಗಿದೆ ಎಂದು ಸುಳ್ಳು ಹೇಳಲೂ ಇಷ್ಟವಿಲ್ಲ. ಕೈಯಲ್ಲಿ ಒಂದು ಶಸ್ತ್ರಕ್ರಿಯೆ ಮಾಡಿ ನರಕ್ಕೆ ನರ ಜೋಡಿಸುತ್ತಾರೆ. ಅಲ್ಲಿ ಬೆರಳಿಟ್ಟರೆ ಒಳಗೆ ಗುರ್ ಎಂದು ರಕ್ತ ಓಡುವುದು ತಿಳಿಯುತ್ತದೆ, ಪಕ್ಕದ ಓಣಿಯ ಹಿಟ್ಟಿನ ಗಿರಣಿಯ ಹಾಗೆ. ಆ ಗಿರಣಿ ನಡೆಯುತ್ತಿರುವ ತನಕ ನಮ್ಮ ಹೊಟ್ಟೆಪಾಡು. ಅದಕ್ಕೆ ದಪ್ಪ ಸೂಜಿ ಎರಡು. ದಿನಕ್ಕೆ ಕುಡಿಯುವ ನೀರು ಅಳತೆ ಮಾಡಿದ್ದು, ಒಂದು ಸಣ್ಣ ಬಾಟಲಿ. ಬೇಸಿಗೆಯಲ್ಲಿ ನಾನು ಕಬ್ಬಿನ ಹಾಲಿನ ಗಾಡಿಯ ಗೆಜ್ಜೆ ಸದ್ದು ಕೇಳಿದರೆ ಕಿಟಕಿ ಮುಚ್ಚುತ್ತೇನೆ. ಶೇಂಗಾ ಇಲ್ಲ, ಎಳ್ಳಿಲ್ಲ, ಬೆಲ್ಲ ಇಲ್ಲ, ಬಾಳೆಹಣ್ಣಿಲ್ಲ. ಶೇಂಗಾ ಚಟ್ನಿ ಇಲ್ಲದ ರೊಟ್ಟಿಯನ್ನು ಊಟ ಅನ್ನಬೇಕಾದ ದಿನ ಬರುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಸಣ್ಣ ಸುಖಗಳೂ ಇದ್ದವು. ನನ್ನ ಎಡಗಡೆಯ ಹಾಸಿಗೆಯಲ್ಲಿ ಸಾಸವಡದ ಒಬ್ಬ ಅಜ್ಜ ಇದ್ದರು. ಎಲ್ಲರೂ ಆಜೋಬಾ ಅನ್ನುತ್ತಿದ್ದರು. ಅಂಜೂರ ಮತ್ತು ಸೀತಾಫಲದ ತೋಟ ಅವರದು. ಹಣ್ಣಿನ ಕಾಲದಲ್ಲಿ ಬುಟ್ಟಿ ತುಂಬ ತಂದು ನರ್ಸುಗಳಿಗೆ, ಕಸ ಗುಡಿಸುವವರಿಗೆ ಹಂಚುವರು. ಅವರಿಗೆ ಒಂದು ತೊಳೆ ತಿನ್ನುವ ಹಾಗಿಲ್ಲ. ಬೇರೆಯವರು ತಿನ್ನುವುದನ್ನು ನೋಡುತ್ತಾ, "ಕಸಂ ಆಹೇ? ಗೋಡ ಆಹೇ ನಾ?" ಎಂದು ಕೇಳುವರು. ಹೇಗಿದೆ, ಸಿಹಿ ಇದೆ ತಾನೆ? ಅವರ ತಂಗಿಯೇ ಅವರಿಗೆ ಕಿಡ್ನಿ ಕೊಡಲು ಮುಂದೆ ಬಂದಿದ್ದಳಂತೆ, ಇವರ ಎದೆ ತಡೆಯುವುದಿಲ್ಲ ಎಂದು ಡಾಕ್ಟರೇ ಬೇಡ ಅಂದರಂತೆ. ಒಂದು ದಿನ ನನ್ನನ್ನು ಕೇಳಿದರು, ನಿನಗೆ ಯಾರೂ ಇಲ್ಲವೇ ಮಗಳೇ ಎಂದು. ನಾನು ಯಂತ್ರದ ಕಡೆ ಮುಖ ಮಾಡಿ ನಿದ್ದೆ ಬಂದವಳ ಹಾಗೆ ಮಲಗಿದೆ. ಅಜ್ಜ ಮತ್ತೆ ಕೇಳಲಿಲ್ಲ.

ಎರಡೂವರೆ ವರ್ಷ ಹೀಗೆ ಕಳೆಯಿತು. ಒಂದು ಬೆಳಗ್ಗೆ ಎದ್ದು ಕೈ ಮುಟ್ಟಿ ನೋಡಿದೆ, ಗಿರಣಿ ನಿಂತಿತ್ತು. ಇನ್ನೊಂದು ಕೈಯಲ್ಲಿ ಮಾಡಿದ್ದು ಎರಡು ತಿಂಗಳಿಗೆ ನಿಂತಿತು. ಆಮೇಲೆ ಕತ್ತಿನಲ್ಲಿ ನಳಿಕೆ ಹಾಕಿದರು. ಅದರ ಎರಡು ಬಾಯಿ ಎದೆಯ ಮೇಲೆ ಜೋತಾಡುತ್ತವೆ. ಸ್ನಾನ ಮಾಡುವಾಗ ಅದಕ್ಕೆ ಹನಿ ನೀರು ತಾಗಬಾರದು. ಅದೇ ವಾರ ನಾನು ಹೋದಾಗ ಅಜ್ಜನ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಯಾರೂ ಏನೂ ಹೇಳಲಿಲ್ಲ. ಅಲ್ಲಿ ಹೇಳುವ ಪದ್ಧತಿಯಿಲ್ಲ, ಹಾಸಿಗೆ ನೋಡಿ ತಿಳಿದುಕೊಳ್ಳಬೇಕು.

ನಾನು ಸಾಯುವುದಕ್ಕೆ ಹೆದರಿದೆ. ಇದನ್ನು ಚೆಂದ ಮಾಡಿ ಹೇಳಲು ನನಗೆ ಬರುವುದಿಲ್ಲ. ಮನಸ್ಸು ಕರಗಿತು, ತಮ್ಮನ ಮೇಲೆ ಪ್ರೀತಿ ಉಕ್ಕಿತು ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ. ಹೆದರಿದೆ, ಅಷ್ಟೆ. ಮಧ್ಯಾಹ್ನ ಮನೆಗೆ ಬಂದು ಮನೆಯವರಿಗೆ, "ಅವನಿಗಿ ಫೋನ್ ಹಚ್ಚರಿ," ಅಂದೆ. ಅವರು ಯಾವನಿಗೆ ಎಂದು ಕೇಳಲಿಲ್ಲ. ಹಚ್ಚಿ ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ನಿಂತರು. ಆ ಕಡೆಯಿಂದ ಅವನು "ಹಲೋ ಮಾವ" ಅಂದ. ನಾನು ಶಿವೂ ಅಂದೆ. ಅವನ ಹಿಂದೆ ಕಾರ್ಖಾನೆಯ ಸದ್ದು ಕೇಳುತ್ತಿತ್ತು. ಆಮೇಲೆ, "ಬರ್ತೀನಿ ಅಕ್ಕ. ನಾಳಿಗೇ ಬರ್ತೀನಿ," ಅಂದ.

ಮರುದಿನ ಹನ್ನೊಂದರ ಸುಮಾರಿಗೆ ಬಂದ. ತಲೆ ಅರ್ಧ ಬೆಳ್ಳಗಾಗಿತ್ತು, ಅಪ್ಪನ ಹಾಗೆ ಕಾಣುತ್ತಿದ್ದ. ಒಳಗೆ ಬಂದವನು ನನ್ನ ಕತ್ತಿನ ನಳಿಕೆ ನೋಡಿ ಹೊಸ್ತಿಲ ಹತ್ತಿರವೇ ನೆಲದ ಮೇಲೆ ಕೂತುಬಿಟ್ಟ. ನೀರು ಕೊಟ್ಟೆ. ನನಗೆ ಕಿಡ್ನಿ ಬೇಕಾಗಿದೆ ಎಂದು ಹೇಳುವ ಮೊದಲೇ ಅವನು ಅಂಗಿಯ ಕಿಸೆಯಿಂದ ಒಂದು ಚೀಟಿ ತೆಗೆದು ನನ್ನ ಮುಂದಿಟ್ಟ. ಇಂದಾಪುರದ ಯಾವುದೋ ಲ್ಯಾಬಿನದು. ಮಡಿಕೆಯ ಜಾಗದಲ್ಲಿ ಹರಿಯುವಷ್ಟು ಹಳೆಯದಾಗಿತ್ತು. ಓ ಪಾಸಿಟಿವ್ ಎಂದು ಬರೆದಿತ್ತು.

"ಇದು ಯಾವಾಗಿಂದು?" ಅಂದೆ.

"ನಿನಗ ಈ ಬ್ಯಾನಿ ಬಂದು ಮೂರು ತಿಂಗಳಿಗಿ. ಇಂಡಿ ಒಳಗ ಒಂದ್ ಲಗ್ನದಾಗ ಸುದ್ದಿ ತಿಳೀತು. ಮರುದಿನಾನೇ ಹೋಗಿ ರಕ್ತಾ ತಪಾಸ ಮಾಡಿಸಿದ್ನಿ."

"ಮತ್ತ ಯಾಕ ಬರ್ಲಿಲ್ಲೋ?"

ಅವನು ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ. "ಹೆಂಗ ಬರ್ಲಿ ಅಕ್ಕ? ನೀ ಕರೀಲೇ ಇಲ್ಲ. ಎರಡ ಸಲ ಡಬ್ಬಿ ತಿರುಗಿ ಬಂತು. ಜ್ಯೋತಿ ಲಗ್ನಕ್ಕ ಕರೀಲಿಲ್ಲ. ಕರೀಲಾರದ ಮನಿಗಿ ಬಂದು ನನ್ನ ಕಿಡ್ನಿ ತಗೋ ಅಂತ ಹೆಂಗ ಹೇಳ್ಲಿ? ಇವತ್ತ ಕರೀತಾಳ, ನಾಳಿಗಿ ಕರೀತಾಳ ಅಂತ ಚೀಟಿ ಕಿಸೇದಾಗ ಇಟ್ಟಕೊಂಡು ಅಡ್ಡಾಡಿದ್ನಿ."

ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು. ಅವನು ನನ್ನನ್ನು ಸರಿಯಾಗಿ ಕರೆಯಲಿಲ್ಲ ಎಂದು ನಾನು ಕೂತೆ, ನಾನು ಕರೆಯಲೇ ಇಲ್ಲ ಎಂದು ಅವನು ಕೂತ. ಚೀಟಿಯನ್ನು ಕೈಯಲ್ಲಿ ಹಿಡಿದು ನಾನು ಅತ್ತೆ. ಎಷ್ಟೋ ವರ್ಷದ ಮೇಲೆ ಅತ್ತದ್ದು, ಕತ್ತಿನ ನಳಿಕೆ ಎಳೆದು ನೋಯುತ್ತಿತ್ತು. ಅವನೂ ಅತ್ತ. ಆಮೇಲೆ ಇಬ್ಬರೂ ಊಟ ಮಾಡಿದೆವು. ಆ ವಾರ ನನಗೆ ಬದುಕುತ್ತೇನೆ ಅನ್ನಿಸಿತ್ತು. ಜ್ಯೋತಿಯ ಕೂಸಿಗೆ ಆಗ ಎರಡು ವರ್ಷ ದಾಟಿತ್ತು. ಅದನ್ನು ಸೊಂಟದ ಮೇಲೆ ಹೊತ್ತು ಸಾರಸಬಾಗ್ ಉದ್ಯಾನ ತೋರಿಸುತ್ತೇನೆ ಎಂದೆಲ್ಲ ಮಾತಾಡಿದೆ.

ಗುಲಾಬಿ ಡ್ರೆಸ್ಸಿನ ಹುಡುಗಿಯ ಮುಂದೆ ಹೋಗಿ ಕೂತಾಗ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವಳು ಹಳೆಯ ಫೈಲು ನೋಡಿದಳು, ನನ್ನನ್ನು ನೋಡಿದಳು, ಶಿವುವನ್ನು ನೋಡಿದಳು. ಏನೂ ಅನ್ನದೆ 'ಯಾರೂ ಇಲ್ಲ' ಎಂದು ಬರೆದಲ್ಲಿ ಗೆರೆ ಎಳೆದು ತಮ್ಮ ಎಂದು ಬರೆದಳು. ಆ ಮೌನಕ್ಕೆ ಅವಳಿಗೆ ಪುಣ್ಯ ಬರಲಿ.

ಎರಡು ವಾರ ಅವನ ತಪಾಸಣೆ ನಡೆಯಿತು. ಇಂದಾಪುರದಿಂದ ನಸುಕಿನ ಬಸ್ಸಿಗೆ ಬಂದು ಸಂಜೆ ಹೋಗುತ್ತಿದ್ದ. ಕೊನೆಯ ದಿನ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ, ಅವನಿಗೆ ಶುಗರ್ ಇದೆ ಅಂದರು. ಇತ್ತೀಚಿನದೇ, ಒಂದು ವರ್ಷದ್ದು ಇರಬಹುದು. ಆದರೆ ಆಗಲೇ ಅವನ ಕಿಡ್ನಿಗೂ ಅದರ ಬಿಸಿ ತಟ್ಟಿದೆ. ಇವನದು ತೆಗೆದುಕೊಂಡರೆ ನಾಳೆ ಇವನೂ ನಿಮ್ಮ ಪಕ್ಕದ ಹಾಸಿಗೆಗೆ ಬರುತ್ತಾನೆ ಅಂದರು. ಶಿವು, "ಆದ್ರೂ ತಗೋರಿ ಸಾಹೇಬ್ರ, ನಂದ ಏನಾಗ್ತದ ನೋಡೋಣು," ಎಂದು ಕನ್ನಡದಲ್ಲೇ ಅಂದ. ಅವರಿಗೆ ಮಾತು ತಿಳಿಯದಿದ್ದರೂ ಅರ್ಥ ತಿಳಿಯಿತು. ತಲೆ ಅಲ್ಲಾಡಿಸಿದರು. ಅವನು ಚೀಟಿ ತೆಗೆದು ಅವರ ಮುಂದೆ ಹಿಡಿದ. ಡಾಕ್ಟರು ಅದರ ಮೇಲಿನ ತಾರೀಖು ನೋಡಿ, ಆಗಲೇ ಬಂದಿದ್ದರೆ ಆಗುತ್ತಿತ್ತೇನೋ, ಅಂದರು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಚಿಕ್ಕವಳಿದ್ದಾಗ ನನಗೆ ಅದನ್ನು ಕೇಳಿ ನಗು ಬರುತ್ತಿತ್ತು, ತನ್ನ ಮೂಗು ತಾನೇ ಯಾರು ಕೊಯ್ದುಕೊಳ್ಳುತ್ತಾರೆ ಎಂದು.

ಅದಾಗಿ ಒಂದೂವರೆ ವರ್ಷ. ಈಗ ಮನೆಗೆ ಬಂದವರು, ಸಿಟ್ಟು ಬಿಟ್ಟಿರಲ್ಲ, ಇನ್ನು ಮೈ ಹಗುರಾಗುತ್ತದೆ, ಗುಣವಾಗುತ್ತದೆ, ಎಂದು ಸಮಾಧಾನ ಹೇಳುತ್ತಾರೆ. ಅಂಥವರನ್ನು ಕಂಡರೆ ನನಗೆ ಹೊಸ ಸಿಟ್ಟು ಬರುತ್ತದೆ. ಸಿಟ್ಟು ಬಿಟ್ಟು ನನ್ನ ಮೈ ಹಗುರಾಗಲಿಲ್ಲ. ಶುಕ್ರವಾರದಿಂದ ಸೋಮವಾರದ ತನಕ ಮೈಯಲ್ಲಿ ನೀರು ತುಂಬಿ ಮೂರು ಕಿಲೋ ಏರುತ್ತೇನೆ. ನಳಿಕೆಗೆ ಎರಡು ಸಲ ನಂಜು ತಗುಲಿ ಚಳಿಜ್ವರ ಬಂದಿತ್ತು. ಎದೆ ಸೋತಿದೆ ಎಂದು ಹೋದ ತಿಂಗಳು ಹೇಳಿದ್ದಾರೆ. ಪಟ್ಟಿಯಲ್ಲಿ ಹೆಸರು ಇದೆ, ಆದರೆ ಕರೆ ಬಂದರೂ ಈ ಎದೆ ಶಸ್ತ್ರಕ್ರಿಯೆ ತಡೆಯುವುದೇ ಎಂದು ಕೇಳಿದಾಗ ಡಾಕ್ಟರು ಫೈಲಿನ ಹಾಳೆ ತಿರುವಿದರು. ಸಾಸವಡದ ಅಜ್ಜ ಹೇಳಿದ ಕತೆಯೇ ನನ್ನದೂ ಆಯಿತು. ತಲೆನೋವು ಮಾತ್ರ ಇಲ್ಲ. ಬಿಪಿಯ ಗುಳಿಗೆಯಿಂದ ಹೋಯಿತೋ ತಮ್ಮ ಬಂದಿದ್ದರಿಂದ ಹೋಯಿತೋ ನನಗೆ ಗೊತ್ತಿಲ್ಲ, ಈಗ ಗೊತ್ತಾಗಿ ಮಾಡುವುದೂ ಏನಿಲ್ಲ.

ನಿಮ್ಮ ತಲೆನೋವಿಗೂ ಒಬ್ಬರ ಹೆಸರಿದ್ದರೆ ಮೊದಲು ಹೋಗಿ ಬಿಪಿ ನೋಡಿಸಿಕೊಳ್ಳಿ. ಆಮೇಲೆ ಆ ಹೆಸರಿಗೆ ಫೋನ್ ಹಚ್ಚಿ. ಕ್ಷಮಿಸಲೇಬೇಕು ಎಂದೇನೂ ನಾನು ಹೇಳುವುದಿಲ್ಲ, ಜಗಳವಾಡಲಿಕ್ಕಾದರೂ ಹಚ್ಚಿ. ರೊಟ್ಟಿಯ ಜೊತೆ ಜಗಳವಾಡಬೇಡಿ.

ಈ ಸಲದ ನಾಗರ ಪಂಚಮಿ ನನ್ನ ಡಯಾಲಿಸಿಸ್ಸಿನ ದಿನವೇ ಬಂತು. ಯಂತ್ರ ಶುರುವಾಗಿ ಅರ್ಧ ತಾಸಾಗಿತ್ತು. ಬಾಗಿಲಲ್ಲಿ ಶಿವು ಕಾಣಿಸಿದ. ಬಿಳಿ ಅಂಗಿ, ಬಾಯಿಗೆ ಆಸ್ಪತ್ರೆಯ ಮಾಸ್ಕು, ಕೈಯಲ್ಲಿ ಸ್ಟೀಲ್ ಡಬ್ಬಿ. ಅದೇ ಡಬ್ಬಿ. ಎರಡು ಸಲ ನಾನು ಹಿಂದಕ್ಕೆ ಕಳಿಸಿದ್ದು. ಹಾಸಿಗೆಯ ಹತ್ತಿರ ಬಂದು ಡಬ್ಬಿ ಕೆಳಗಿಟ್ಟು ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಕುಂಕುಮ. ಚಿಟಿಕೆ ಹಿಡಿದು ನನ್ನ ಹಣೆಯ ಕಡೆ ಕೈ ತಂದ. ಯಂತ್ರ ನೋಡಿಕೊಳ್ಳುವ ಹೆಣ್ಣುಮಗಳು ಓಡಿ ಬಂದು ಅವನ ಕೈ ತಡೆದಳು.

"ದಾದಾ, ನಕೋ! ಪುಡಿ ನಕೋ," ಅಂದಳು. ಕತ್ತಿನ ನಳಿಕೆ ಇರುವವರ ಹತ್ತಿರ ಪುಡಿ ತರಬಾರದು, ಒಳಗೆ ಹೋದರೆ ಮತ್ತೆ ನಂಜು. ಅವಳದೇನೂ ತಪ್ಪಿಲ್ಲ.

ಶಿವು ಕೈಯಲ್ಲಿ ಕುಂಕುಮ ಹಿಡಿದುಕೊಂಡೇ ನಿಂತ. ಆಮೇಲೆ ಅದನ್ನು ಪೊಟ್ಟಣಕ್ಕೆ ಹಾಕಿ, ಮಡಿಚಿ, ಕಿಸೆಯಲ್ಲಿಟ್ಟ. "ಅವತ್ತನೂ ಹಿಂಗೇ ಕಿಸೇದಾಗ ಇತ್ತ ಅಕ್ಕ," ಅಂದ. "ವಾಸ್ತು ಕಾರ್ಡ್ ಕೊಡ್ಲಾಕ ಬಂದಾಗ. ಕುಂಕಮದ ಪೊಟ್ಟಣ ಕಿಸೇದಾಗ, ಕಾಯಿ ಚೀಲದಾಗ. ಬಸ್ ಹೋಗ್ತದ ಅಂತ ಹೊಂಟ ಹ್ವಾದ್ನಿ."

ಅವನು ಮಾಸ್ಕು ಸರಿಮಾಡಿಕೊಂಡ. "ಪಂಚಮಿಗಿ ಕರೀಲಾಕ ಬಂದೀನಿ. ಮನಿಗಿ ನಡಿ ಅಕ್ಕ."

ಕುಂಕುಮವಿಲ್ಲ, ಉಡಿಗೆ ಕಾಯಿಲ್ಲ. ಹನ್ನೆರಡು ವರ್ಷದ ಹಿಂದೆ ಬಂದ ಕರೆಯೂ ಹೀಗೇ ಬಂದಿತ್ತು. "ಬರ್ತೀನಿ. ನಾಕ ತಾಸ ತಡಿ," ಅಂದೆ. ಅಲ್ಲಿಗೆ ಹೋಗಿ ಬರುವ ಶಕ್ತಿ ನನ್ನ ಮೈಯಲ್ಲಿ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನ ಮನೆಯ ಹೊಸ್ತಿಲನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ.

ಅವನು ಸ್ಟೂಲ್ ಎಳೆದುಕೊಂಡು ಕೂತು ಡಬ್ಬಿಯ ಮುಚ್ಚಳ ತೆಗೆದ. ಹುರಿದ ಎಳ್ಳು, ಬೆಲ್ಲ, ಏಲಕ್ಕಿ. ನಮ್ಮ ಅವ್ವ ಉಂಡಿ ಕಟ್ಟುವ ದಿನದ ವಾಸನೆ. ನನಗೆ ಎಳ್ಳು ಶೇಂಗಾ ವಿಷ, ಅವನಿಗೆ ಬೆಲ್ಲ ವಿಷ. ಒಂದು ಉಂಡಿ ತೆಗೆದು ಅವನು ನನ್ನ ಅಂಗೈಯಲ್ಲಿಟ್ಟ. ನಾನು ಸ್ವಲ್ಪ ಹೊತ್ತು ಹಿಡಿದುಕೊಂಡು ಅವನ ಕೈಗೆ ಕೊಟ್ಟೆ. ಅವನು ಅದನ್ನು ಮತ್ತೆ ಡಬ್ಬಿಗೆ ಹಾಕಿದ. ಅಷ್ಟರಲ್ಲಿ ನಮ್ಮನ್ನು ತಡೆದ ಆ ಹೆಣ್ಣುಮಗಳು ಬಂದಳು. ಡಬ್ಬಿಯನ್ನು ಅವಳಿಗೆ ಕೊಟ್ಟು ಎಲ್ಲರಿಗೂ ಹಂಚು ಅಂದೆ. ಅವಳು ಮೂಲೆಗೆ ಹೋಗಿ ಮಾಸ್ಕು ಇಳಿಸಿ ಒಂದು ಕಚ್ಚಿದಳು.

ನಾವಿಬ್ಬರೂ ಅವಳ ಬಾಯಿಯನ್ನೇ ನೋಡುತ್ತಿದ್ದೆವು.

"ಹೆಂಗ ಅದ, ಕೇಳು," ಅಂದ ಶಿವು.